ಕಾಯಿಸಿ ಆರಿಸಿದ ನೀರು ಮತ್ತು ಸೀಸದ ಕೊಳವೆ

ಪ್ರಶ್ನೆ: ಚಿಕಾಗೋದಲ್ಲಿ 1924ರಲ್ಲಿ ಕಟ್ಟಿದ ಮನೆಯೊಂದನ್ನು ಕೊಂಡು ಹೋದ ವರ್ಷ ಸೇರಿಕೊಂಡೆವು. ಆರು ತಿಂಗಳ ಮಗುವಿದೆ. ಡಬ್ಬಿ ಹಾಲಿನ ಪುಡಿಯನ್ನು ನೀರಿನಲ್ಲಿ ಕಲಸಿ ಕುಡಿಸುತ್ತೇವೆ. ಬಾಣಂತನಕ್ಕೆಂದು ಪಾವಗಡದಿಂದ ಬಂದ ನನ್ನ ತಾಯಿ ನಲ್ಲಿ ನೀರನ್ನು ಚೆನ್ನಾಗಿ ಕುದಿಸಿ, ಆರಿಸಿ, ತಾಮ್ರದ ತಂಬಿಗೆಯಲ್ಲಿಟ್ಟು ಬಳಸುತ್ತಾರೆ. ಈಗ ನಮ್ಮ ಮನೆಗೆ ನೀರು ತರುವ ಕೊಳವೆ ಸೀಸದ್ದು ಎಂದು ನಗರದಿಂದ ಪತ್ರ ಬಂದಿದೆ. ಆದರೆ ನಗರದ ವಾರ್ಷಿಕ ವರದಿ ನೋಡಿದರೆ ನೀರು ಎಲ್ಲ ಮಾನದಂಡಗಳನ್ನೂ ಪೂರೈಸುತ್ತದೆ ಎಂದಿದೆ. ಪರೀಕ್ಷೆ ಮಾಡಿಸಿದೆವು. ಬೆಳಿಗ್ಗೆ ಎದ್ದ ಕೂಡಲೇ ಹಿಡಿದ ಬಾಟಲಿಯಲ್ಲಿ 2.3 ಪಿಪಿಬಿ, ಎರಡು ನಿಮಿಷ ನಲ್ಲಿ ಬಿಟ್ಟ ಮೇಲೆ 9.1, ಐದು ನಿಮಿಷದ ನಂತರ 3.4. ನೀರು ಹರಿಯಬಿಟ್ಟರೆ ಸೀಸ ಕಡಿಮೆಯಾಗಬೇಕಲ್ಲವೇ? ಹೆಚ್ಚಾದದ್ದು ಹೇಗೆ? 15ಕ್ಕಿಂತ ಕೆಳಗಿದ್ದರೆ ಚಿಂತೆಯಿಲ್ಲ ಎನ್ನುತ್ತಾರೆ ಪಕ್ಕದ ಮನೆಯವರು. ಕುದಿಸಿದರೆ ಸಾಕೇ, ಕೊಳವೆಯನ್ನೇ ಬದಲಿಸಬೇಕೇ? ಇದನ್ನೆಲ್ಲ ಕೇಳಿ ತಾಯಿಗೆ ಊರಿನ ಮನೆಯ ನೀರಿನ ಬಗ್ಗೆಯೂ ಅನುಮಾನ ಶುರುವಾಗಿದೆ.

ಉತ್ತರ: ಮಿಕ್ಕ ಮಾತೆಲ್ಲ ಆಮೇಲೆ, ಮೊದಲು ಮಗುವಿನ ಹಾಲು. ಇಂದು ರಾತ್ರಿಯಿಂದಲೇ ಹಾಲಿನ ಪುಡಿ ಕಲಸಲು ಕುದಿಸಿದ ನಲ್ಲಿ ನೀರನ್ನು ಬಳಸಬೇಡಿ. ಸೀಸ ತೆಗೆಯುತ್ತದೆಂದು ಪ್ರಮಾಣೀಕರಿಸಿದ ಫಿಲ್ಟರ್ ಮನೆಗೆ ಬರುವ ತನಕ ಅಂಗಡಿಯ ಬಾಟಲಿ ನೀರಿನಲ್ಲಿ ಕಾಲ ಕಳೆಯಿರಿ. ನಿಮ್ಮ ಮನೆಯಲ್ಲಿ ಏನೋ ಅನಾಹುತವಾಗಿದೆ ಎಂದು ಹೀಗೆ ಹೇಳುತ್ತಿಲ್ಲ. ಡಬ್ಬಿ ಹಾಲಿನ ಮೇಲೆ ಬೆಳೆಯುವ ಮಗು ತನ್ನ ತೂಕಕ್ಕೆ ಹೋಲಿಸಿದರೆ ನಮಗಿಂತ ಎಷ್ಟೋ ಪಾಲು ಹೆಚ್ಚು ನೀರು ಕುಡಿಯುತ್ತದೆ. ಹೊಟ್ಟೆಗಿಳಿದ ಸೀಸದಲ್ಲಿ ದೊಡ್ಡವರ ಕರುಳು ಹತ್ತರಲ್ಲಿ ಒಂದು ಪಾಲಿನ ಆಸುಪಾಸು ಹೀರಿಕೊಂಡರೆ, ಎಳೆಯ ಕರುಳು ಅರ್ಧದಷ್ಟನ್ನು ಹೀರಿಕೊಳ್ಳಬಲ್ಲದು. ಬೆಳೆಯುವ ಮಿದುಳಿಗೆ ಇಷ್ಟು ಸೀಸ ಪರವಾಗಿಲ್ಲ ಎಂದು ಗೆರೆ ಎಳೆಯಲು ಇದುವರೆಗೆ ಯಾವ ವೈದ್ಯವಿಜ್ಞಾನಿಗೂ ಸಾಧ್ಯವಾಗಿಲ್ಲ.

ನಿಮ್ಮ ತಾಯಿಯವರ ಕಾಳಜಿಯಲ್ಲಿ ಲೋಪವಿಲ್ಲ. ವಾಂತಿಭೇದಿ, ಕಾಮಾಲೆಗಳಿಂದ ನಮ್ಮ ಊರುಗಳ ಮಕ್ಕಳನ್ನು ಉಳಿಸಿದ್ದೇ ಕಾಯಿಸಿ ಆರಿಸಿದ ನೀರು. ಆದರೆ ಪಾವಗಡದವರಿಗೆ ನಾನು ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಅಲ್ಲಿನ ಕೊಳವೆಬಾವಿಯ ಫ್ಲೋರೈಡ್ ಕುದಿಸಿದರೆ ಹೋಗುತ್ತದೆಯೇ ಎಂದು ಅವರನ್ನೇ ಕೇಳಿ ನೋಡಿ. ಹೋಗುವಂತಿದ್ದರೆ ಊರೂರಿಗೆ ಶುದ್ಧ ಕುಡಿಯುವ ನೀರಿನ ಘಟಕಗಳು ಏಕೆ ಬರುತ್ತಿದ್ದವು? ಸೀಸದ್ದೂ ಅದೇ ಜಾತಿ. ಬೆಂಕಿಗೆ ಕ್ರಿಮಿ ಸಾಯುತ್ತದೆ, ಲೋಹ ಸಾಯುವುದಿಲ್ಲ. ಸಾರು ಬತ್ತಿದಷ್ಟೂ ಉಪ್ಪು ಏರುವ ಹಾಗೆ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಸೀಸ ಮಂದವಾಗುತ್ತದೆ. ನಿಮ್ಮ 9.1ರ ನೀರನ್ನು ಕಾಲು ಭಾಗ ಇಂಗುವವರೆಗೆ ಕುದಿಸಿದರೆ ಅದು 12 ಆಗುತ್ತದೆ. ಹಾಗೆಂದು ಕುದಿಸುವುದನ್ನು ಬಿಡಿಸಲು ಹೋಗಬೇಡಿ. ಮೊದಲು ಫಿಲ್ಟರ್, ಆಮೇಲೆ ಒಲೆ ಎಂದರೆ ಸಾಕು, ಇಬ್ಬರ ಮಾತೂ ಉಳಿಯುತ್ತದೆ.

ತಾಮ್ರದ ತಂಬಿಗೆಯನ್ನು ಮಾತ್ರ ಮಗುವಿನ ನೀರಿಗೆ ಬೇಡವೆನ್ನಿ. ತಾಮ್ರ ಸೀಸವನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಮೇಲಾಗಿ ಎಳೆಯ ಮಕ್ಕಳ ಯಕೃತ್ತಿಗೆ ತಾಮ್ರವೇ ಭಾರ. ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಕಾಯಿಸಿಟ್ಟ ಹಾಲಿಗೂ ಹಸುಳೆಗಳನ್ನು ಬಲಿ ತೆಗೆದುಕೊಳ್ಳುತ್ತಿದ್ದ ಒಂದು ಬಗೆಯ ಯಕೃತ್ತಿನ ಕಾಯಿಲೆಗೂ ಇರುವ ನಂಟನ್ನು 1980ರ ದಶಕದಲ್ಲಿ ಪುಣೆಯಲ್ಲಿ ನಡೆದ ಸಂಶೋಧನೆ ಗುರುತಿಸಿತ್ತು. ದೊಡ್ಡವರು ಬೇಕಾದರೆ ಕುಡಿಯಲಿ.

ಇನ್ನು ನಿಮ್ಮ ಮೂರು ಬಾಟಲಿಗಳ ಒಗಟು. ಇಷ್ಟು ಒಳ್ಳೆಯ ಪ್ರಶ್ನೆ ನನಗೆ ಬರುವುದು ಅಪರೂಪ, ಹಾಗಾಗಿ ಸ್ವಲ್ಪ ನಿಧಾನವಾಗಿಯೇ ಬಿಡಿಸುತ್ತೇನೆ.

ಮೊದಲು ಪಿಪಿಬಿ ಎಂದರೆ ಎಷ್ಟು ಎಂಬುದು ಕಣ್ಣಿಗೆ ಕಟ್ಟಲಿ. ಒಂದು ಪಿಪಿಬಿ ಎಂದರೆ ಒಂದು ಲೀಟರ್ ನೀರಿನಲ್ಲಿ ಒಂದು ಮೈಕ್ರೋಗ್ರಾಂ. ಹತ್ತು ಸಾವಿರ ಲೀಟರಿನ ನೂರು ಟ್ಯಾಂಕರ್ ಸಾಲಾಗಿ ನಿಲ್ಲಿಸಿ, ಅಷ್ಟೂ ನೀರಿಗೆ ಒಂದೇ ಒಂದು ಗ್ರಾಂ ಸೀಸ ಕರಗಿಸಿದಂತೆ. ಕಣ್ಣಿಗಾಗಲಿ ಮೂಗಿಗಾಗಲಿ ನಾಲಿಗೆಗಾಗಲಿ ಇದು ತಿಳಿಯುವ ಮಾತೇ ಅಲ್ಲ.

ಚಿಕಾಗೋ ನೀರು ಮಿಷಿಗನ್ ಸರೋವರದ್ದು. ಶುದ್ಧೀಕರಣ ಘಟಕದಿಂದ ಹೊರಡುವಾಗ ಅದರಲ್ಲಿ ಸೀಸ ಇಲ್ಲವೆಂದೇ ಹೇಳಬೇಕು. ರಸ್ತೆಯಡಿಯ ದೊಡ್ಡ ಕೊಳವೆ ಕಬ್ಬಿಣದ್ದು, ಅಲ್ಲೂ ತೊಂದರೆಯಿಲ್ಲ. ಆ ದೊಡ್ಡ ಕೊಳವೆಯಿಂದ ಕವಲೊಡೆದು ನಿಮ್ಮ ನೆಲಮಾಳಿಗೆಗೆ ಬರುವ ಬೆರಳುಗಾತ್ರದ ಸರ್ವಿಸ್ ಲೈನ್ ಇದೆಯಲ್ಲ, ಕಥೆ ಇರುವುದು ಅಲ್ಲಿ. ಅದು ಒಂದಂಗುಲ ವ್ಯಾಸದ್ದು, ಹದಿನೈದು ಮೀಟರ್ ಉದ್ದದ್ದು ಎಂದಿಟ್ಟುಕೊಳ್ಳೋಣ. ಅದರ ಹೊಟ್ಟೆಯಲ್ಲಿ ಏಳೂವರೆ ಲೀಟರ್ ನೀರು ನಿಲ್ಲುತ್ತದೆ. ನೆಲಮಾಳಿಗೆಯಿಂದ ಅಡುಗೆಮನೆಯ ನಲ್ಲಿಯವರೆಗಿನ ಒಳಕೊಳವೆಯಲ್ಲಿ ಸುಮಾರು ಮೂರು ಲೀಟರ್.

ರಾತ್ರಿಯೆಲ್ಲ ನಿಂತ ನೀರು ಬೆಳಿಗ್ಗೆ ಸಾಲಾಗಿ ಹೊರಬರುತ್ತದೆ. ನೀವು ಹಿಡಿದ ಮೊದಲ ಬಾಟಲಿಯ ನೀರು ಇರುಳು ಕಳೆದದ್ದು ಅಡುಗೆಮನೆಯ ಗೋಡೆಯೊಳಗೆ, ಸೀಸದ ಕೊಳವೆಯಲ್ಲಿ ಅಲ್ಲ. ಅದಕ್ಕೇ 2.3. ನಿಮಿಷಕ್ಕೆ ನಾಲ್ಕು ಲೀಟರಿನಂತೆ ಎರಡು ನಿಮಿಷ ಬಿಟ್ಟಿರಿ ಎಂದರೆ ಎಂಟು ಲೀಟರ್ ಹರಿದುಹೋಯಿತು. ಆಗ ನಿಮ್ಮ ಬಾಟಲಿಗೆ ಬಿದ್ದದ್ದು ಎಂಟು ಗಂಟೆ ಸೀಸದ ಮಡಿಲಲ್ಲಿ ಮಲಗಿ ಎದ್ದ ನೀರು, 9.1. ಐದು ನಿಮಿಷಕ್ಕೆ ಅದೂ ಕಳೆದು, ರಸ್ತೆಯ ಕೊಳವೆಯ ಹೊಸ ನೀರು ಸೀಸವನ್ನು ಸವರಿಕೊಂಡು ಓಡಿ ಬಂದಿದೆ, 3.4. ಲೆಕ್ಕ ಸರಿಹೋಯಿತು. ಒಂದು ಬಕೆಟ್ ತುಂಬಲು ನಿಮ್ಮ ನಲ್ಲಿಗೆ ಎಷ್ಟು ಹೊತ್ತು ಬೇಕೆಂದು ಗಡಿಯಾರ ನೋಡಿದರೆ ಈ ಲೆಕ್ಕವನ್ನು ನಿಮ್ಮ ಮನೆಗೇ ಕರಾರುವಾಕ್ಕಾಗಿ ಹಾಕಬಹುದು.

"ಒಂದು ನಿಮಿಷ ನೀರು ಬಿಟ್ಟು ಹಿಡಿಯಿರಿ" ಎಂಬ ಪುಕ್ಕಟೆ ಸಲಹೆ ಎಷ್ಟು ಅಪಾಯಕಾರಿ ಎಂದು ಈಗ ಹೊಳೆದಿರಬೇಕು. ಹಾಗೆ ಮಾಡುವವರು ಎಷ್ಟೋ ಸಲ ಒಳ್ಳೆಯ ನೀರನ್ನು ಚರಂಡಿಗೆ ಬಿಟ್ಟು ಕೆಟ್ಟ ನೀರನ್ನು ಲೋಟಕ್ಕೆ ಹಿಡಿಯುತ್ತಾರೆ.

ಈ ಸಂಗತಿ ಬೆಳಕಿಗೆ ಬಂದದ್ದರಲ್ಲಿ ನಿಮ್ಮ ಊರಿನದೇ ಪಾತ್ರವಿದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಮಿಗೆಲ್ ಡೆಲ್ ಟೊರಲ್ ಮತ್ತು ಅವರ ಸಂಗಡಿಗರು ಚಿಕಾಗೋದ 32 ಮನೆಗಳಲ್ಲಿ ಒಂದರ ಹಿಂದೊಂದು ಬಾಟಲಿ ಹಿಡಿದು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದರು. ಕಾನೂನು ಕೇಳುತ್ತಿದ್ದ ಮೊದಲ ಬಾಟಲಿಯಲ್ಲಿ ಸರ್ವಿಸ್ ಲೈನಿನ ಸೀಸ ಸಿಕ್ಕಿಬೀಳುವುದೇ ಇಲ್ಲ ಎಂಬುದು ಅವರ ಮಾತಿನ ಸಾರ. ಹತ್ತಿರದಲ್ಲಿ ರಸ್ತೆ ಅಗೆದ, ಮೀಟರ್ ಕೂರಿಸಿದ, ಸೋರಿಕೆ ದುರಸ್ತಿ ಮಾಡಿದ ಮನೆಗಳಲ್ಲಿ ಸೀಸ ಏರಿರುವುದೂ ಅವರಿಗೆ ಕಂಡಿತು. ಹೊಸ ನಿಯಮಗಳು ಐದನೆಯ ಲೀಟರನ್ನೂ ಕೇಳುವುದು ಇದೇ ಕಾರಣಕ್ಕೆ. ಚಿಕಾಗೋ ನಗರವೇ 2019ರಲ್ಲಿ, ಹೊಸದಾಗಿ ಮೀಟರ್ ಕೂರಿಸಿದ ಮನೆಗಳಲ್ಲಿ ಸೀಸ ಹೆಚ್ಚು ಕಂಡದ್ದರಿಂದ, ಮೀಟರ್ ಅಳವಡಿಸುವ ಕಾರ್ಯಕ್ರಮವನ್ನು ನಿಲ್ಲಿಸಬೇಕಾಯಿತು.

ಹಾಗಾದರೆ ವಾರ್ಷಿಕ ವರದಿ ಸುಳ್ಳು ಹೇಳುತ್ತಿದೆಯೇ? ಇಲ್ಲ. ನೀವು ಕೇಳುವ ಪ್ರಶ್ನೆಗೆ ಅದು ಉತ್ತರ ಹೇಳುತ್ತಿಲ್ಲ, ಅಷ್ಟೇ. ಪರಿಸರ ಸಂರಕ್ಷಣಾ ಸಂಸ್ಥೆಯ 1991ರ ನಿಯಮದ ಪ್ರಕಾರ ಊರಿನ ಕೆಲವು ಮನೆಗಳಿಂದ ಮಾದರಿ ತೆಗೆದು, ಅವುಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿ, ನೂರಕ್ಕೆ ತೊಂಬತ್ತನೆಯದು 15 ಪಿಪಿಬಿ ದಾಟದಿದ್ದರೆ ಊರು ಪಾಸು. ಲಕ್ಷಾಂತರ ಸೀಸದ ಕೊಳವೆಗಳಿರುವ ಚಿಕಾಗೋದಲ್ಲಿ ಬಹುಕಾಲ ಮೂರು ವರ್ಷಕ್ಕೊಮ್ಮೆ ಐವತ್ತು ಮನೆಗಳನ್ನು ನೋಡಿದರೆ ಕಾನೂನಿಗೆ ಸಾಕಾಗಿತ್ತು. ಉಳಿದ ಹತ್ತು ಪಾಲು ಮನೆಗಳಲ್ಲಿ ಎಷ್ಟೇ ಇದ್ದರೂ ಊರು ಫೇಲಾಗುವುದಿಲ್ಲ. ನಿಮ್ಮ ಮನೆ ಯಾವ ಪಾಲಿನಲ್ಲಿದೆ ಎಂದು ಆ ವರದಿಗೆ ಗೊತ್ತಿಲ್ಲ.

ಪಕ್ಕದ ಮನೆಯವರು ನಂಬಿರುವ ಆ 15 ಕೂಡ ಆರೋಗ್ಯದ ಗೆರೆಯಲ್ಲ. ನೀರು ಕೊಳವೆಯನ್ನು ಕೊರೆಯದಂತೆ ನಗರ ತನ್ನ ಉಪಚಾರವನ್ನು ಬಿಗಿ ಮಾಡಬೇಕಾದ ಹಂತ ಅದು. ಆರೋಗ್ಯದ ದೃಷ್ಟಿಯಿಂದ ಅದೇ ಸಂಸ್ಥೆ ಇಟ್ಟುಕೊಂಡಿರುವ ಗುರಿ ಸೊನ್ನೆ. 2024ರ ಅಕ್ಟೋಬರಿನಲ್ಲಿ ಹೊರಬಂದ ನಿಯಮ 15ನ್ನು 10ಕ್ಕೆ ಇಳಿಸಿದೆ. ವಿಶ್ವ ಆರೋಗ್ಯ ಸಂಸ್ಥೆಯದು 1993ರಿಂದ, ಭಾರತೀಯ ಮಾನಕ ಸಂಸ್ಥೆಯದು 2012ರಿಂದ 10. ಅಂದರೆ ನಿಮ್ಮ 9.1 ಈ ಮೂರೂ ಕಡೆ ಪಾಸಾಗುತ್ತದೆ. ಹಾಗಿದ್ದೂ ಅದನ್ನು ಆರು ತಿಂಗಳ ಮಗುವಿಗೆ ನಾನು ಕೊಡುವುದಿಲ್ಲ.

ಇಷ್ಟು ಸೀಸ ನೆಲಕ್ಕೆ ಇಳಿದದ್ದು ಹೇಗೆ ಎಂದು ನೀವು ಕೇಳಿಲ್ಲ, ಆದರೂ ಹೇಳಬೇಕೆನಿಸುತ್ತದೆ. ಸೀಸಕ್ಕೆ ಲ್ಯಾಟಿನ್ನಿನಲ್ಲಿ ಪ್ಲಂಬಮ್. ನಾವು ದಿನಬೆಳಗಾದರೆ ಕರೆಯುವ ಪ್ಲಂಬರ್ ಹೆಸರು ಬಂದದ್ದೇ ಅಲ್ಲಿಂದ. ಸೀಸದ ಕೊಳವೆಗಿಂತ ಮಣ್ಣಿನ ಕೊಳವೆಯ ನೀರೇ ಆರೋಗ್ಯಕ್ಕೆ ಒಳ್ಳೆಯದು ಎಂದು ರೋಮಿನ ವಾಸ್ತುತಜ್ಞ ವಿಟ್ರೂವಿಯಸ್ ಎರಡು ಸಾವಿರ ವರ್ಷಗಳ ಹಿಂದೆಯೇ ಬರೆದಿಟ್ಟಿದ್ದ. ಆದರೆ ಸೀಸ ಬೇಕಾದಂತೆ ಬಾಗುತ್ತದೆ, ಚಳಿಗೆ ನೆಲ ಉಬ್ಬಿ ಕುಗ್ಗಿದರೂ ಮುರಿಯುವುದಿಲ್ಲ, ನೂರು ವರ್ಷ ಬಾಳುತ್ತದೆ. ಚಿಕಾಗೋ ಅದನ್ನು ಬಳಸಲು ಅನುಮತಿ ಕೊಟ್ಟಿತ್ತು ಎಂದರೆ ಕಡಿಮೆ ಹೇಳಿದಂತೆ. ಸಾಮಾನ್ಯ ಮನೆಗಳಿಗೆ ಸೀಸದ ಕೊಳವೆಯನ್ನೇ ಹಾಕಬೇಕೆಂದು ಅಲ್ಲಿನ ನಿಯಮಾವಳಿ ಕಡ್ಡಾಯ ಮಾಡಿತ್ತು. 1986ರಲ್ಲಿ ದೇಶದ ಸಂಸತ್ತು ನಿಷೇಧಿಸುವವರೆಗೂ ಅದು ನಡೆಯಿತು. ಅದರ ಫಲವಾಗಿ ಇಂದು ಸುಮಾರು ನಾಲ್ಕು ಲಕ್ಷ ಸೀಸದ ಸರ್ವಿಸ್ ಲೈನ್‌ಗಳು ಅಲ್ಲಿವೆ, ಅಮೆರಿಕದ ಬೇರಾವ ಊರಿನಲ್ಲೂ ಅಷ್ಟಿಲ್ಲ.

ಆದರೂ ಊರಿಗೆ ಊರೇ ವಿಷವುಣ್ಣದಿರುವುದಕ್ಕೆ ಕಾರಣ ಕೊಳವೆಯ ಒಳಮೈಗೆ ಕಟ್ಟುವ ಪೊರೆ. ಗಡಸು ನೀರಿನ ಹಂಡೆಯ ಒಳಗೆ ಬಿಳಿ ಪದರ ಕಟ್ಟುವುದನ್ನು ನಿಮ್ಮ ತಾಯಿಯವರು ನೋಡಿಯೇ ಇರುತ್ತಾರೆ. ಹಾಗೆಯೇ ಸೀಸದ ಮೇಲೂ ಸೀಸದ್ದೇ ಲವಣಗಳ ತೆಳು ಪದರ ಬೆಳೆಯುತ್ತದೆ. ಚಿಕಾಗೋ 1990ರ ದಶಕದಿಂದ ನೀರಿಗೆ ಫಾಸ್ಫೇಟ್ ಬೆರೆಸುತ್ತಿರುವುದು ಈ ಕವಚಕ್ಕಾಗಿ. ನೀರಿನ ಗುಣ ಬದಲಾದರೆ ಕವಚ ಕಳಚುತ್ತದೆ. ವಾಷಿಂಗ್ಟನ್ ನಗರದಲ್ಲಿ 2000ರಲ್ಲಿ ಕ್ಲೋರಿನ್ ಬಿಟ್ಟು ಕ್ಲೋರಮೈನ್‌ಗೆ ಹೋದಾಗ ಆದದ್ದು ಅದು. ಸೋಂಕುನಿವಾರಕ ಬದಲಿಸಿದವರಿಗೆ ತಾವು ಕೊಳವೆಯ ಪೊರೆಯನ್ನೂ ಬದಲಿಸುತ್ತಿದ್ದೇವೆ ಎಂಬ ಅರಿವಿರಲಿಲ್ಲ. ಮಿಷಿಗನ್ ರಾಜ್ಯದ ಫ್ಲಿಂಟ್ ನಗರದ್ದು ಇನ್ನೂ ಕೆಟ್ಟದು. ದುಡ್ಡು ಉಳಿಸಲು 2014ರ ಏಪ್ರಿಲ್‌ನಲ್ಲಿ ಹ್ಯೂರನ್ ಸರೋವರದ ನೀರು ಬಿಟ್ಟು ಫ್ಲಿಂಟ್ ನದಿಯ ನೀರಿಗೆ ಹೋದರು, ಕೊಳವೆ ಕಾಯುವ ಫಾಸ್ಫೇಟನ್ನೂ ಹಾಕಲಿಲ್ಲ. ಅದೇ ಅಕ್ಟೋಬರಿನಲ್ಲಿ ಅಲ್ಲಿನ ಜನರಲ್ ಮೋಟಾರ್ಸ್ ಎಂಜಿನ್ ಕಾರ್ಖಾನೆ, ಈ ನೀರಿಗೆ ನಮ್ಮ ಬಿಡಿಭಾಗಗಳು ತುಕ್ಕು ಹಿಡಿಯುತ್ತಿವೆ ಎಂದು ಬೇರೆ ನೀರು ಹಿಡಿಯಿತು. ಕಬ್ಬಿಣಕ್ಕಾಗದ ನೀರನ್ನು ಮಕ್ಕಳು ಇನ್ನೂ ಒಂದು ವರ್ಷ ಕುಡಿದರು. ಅಲ್ಲಿ ಎಚ್ಚರಿಕೆಯ ಟಿಪ್ಪಣಿ ಬರೆದ ಅಧಿಕಾರಿ ಚಿಕಾಗೋದಲ್ಲಿ ಬಾಟಲಿ ಹಿಡಿದ ಅದೇ ಡೆಲ್ ಟೊರಲ್. ಮಕ್ಕಳ ವೈದ್ಯೆ ಮೋನಾ ಹನ್ನಾ ಅಟೀಶಾ 2015ರ ಸೆಪ್ಟೆಂಬರಿನಲ್ಲಿ ಮಕ್ಕಳ ರಕ್ತದ ಅಂಕಿಗಳನ್ನು ಮುಂದಿಟ್ಟ ಮೇಲೆಯೇ ನೀರು ಬದಲಾಯಿತು.

ನಿಮ್ಮ ಊರು ಫ್ಲಿಂಟ್ ಅಲ್ಲ, ಗಾಬರಿ ಬೇಡ. ಆದರೆ ಒಂದು ಸಲದ ಪರೀಕ್ಷೆಯನ್ನು ಪ್ರಮಾಣಪತ್ರ ಎಂದುಕೊಳ್ಳಬೇಡಿ. ಕರಗಿದ ಸೀಸ ಒಂದು ಬಗೆಯಾದರೆ, ಪೊರೆಯಿಂದ ಉದುರುವ ಚೂರು ಇನ್ನೊಂದು ಬಗೆ. ಎರಡನೆಯದು ಹೇಳದೆ ಕೇಳದೆ ಬರುವ ನೆಂಟ. ಒಂದು ಹಳೆಯ ಮನೆಯಲ್ಲಿ ನಾನು ಎರಡು ದಿನ ತೆಗೆದ ಮಾದರಿಗಳು ಚೊಕ್ಕವಾಗಿದ್ದವು. ಮನೆಯವರಿಗೆ ನಿಶ್ಚಿಂತೆಯಾಗಿರಿ ಎಂದೂ ಹೇಳಿಬಿಟ್ಟೆ. ಮೂರನೆಯ ದಿನದ್ದು ಹತ್ತಾರು ಪಟ್ಟು ಏರಿತ್ತು. ನಲ್ಲಿಯ ಬಾಯಿಯ ಜಾಲರಿ ಬಿಚ್ಚಿದರೆ ರಾಗಿಕಾಳಿಗಿಂತ ಸಣ್ಣ ಬೆಸುಗೆಯ ತುಣುಕೊಂದು ಅಲ್ಲಿ ಕೂತಿತ್ತು. ಆ ಮನೆಗೆ ಮತ್ತೆ ಹೋಗಿ ಮಾತು ಹಿಂತೆಗೆದುಕೊಂಡದ್ದು ಇನ್ನೂ ನೆನಪಿದೆ.

ಈಗ ಮಾಡಬೇಕಾದದ್ದು. ಫಿಲ್ಟರ್ ಕೊಳ್ಳುವಾಗ ಡಬ್ಬದ ಮೇಲೆ ಎನ್‌ಎಸ್‌ಎಫ್ 53 ಎಂಬ ಗುಣಮಟ್ಟದ ಸಂಖ್ಯೆಯನ್ನೂ, ಅದರ ಜೊತೆ ಸೀಸದ ಹೆಸರನ್ನೂ ಹುಡುಕಿ. ಬರೀ 42 ಎಂದಿದ್ದರೆ ಅದು ಕ್ಲೋರಿನ್ ವಾಸನೆ ತೆಗೆಯುವುದು, ನಿಮಗೆ ಉಪಯೋಗವಿಲ್ಲ. ಆರ್‌ಒ ಆದರೆ 58. ಹೂಜಿಯಂಥ ಅಗ್ಗದ ಫಿಲ್ಟರ್ ಸಾಕು. ಕಾರ್ಟ್ರಿಡ್ಜ್ ಬದಲಿಸುವ ದಿನವನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ, ಬಿಸಿನೀರನ್ನು ಅದರೊಳಗೆ ಸುರಿಯಬೇಡಿ. ಬಿಸಿನೀರಿನ ನಲ್ಲಿಯಿಂದ ಹಿಡಿದು ಬೇಗ ಅನ್ನಕ್ಕಿಡುವ, ಕಾಫಿ ಡಿಕಾಕ್ಷನ್ನಿಗೆ ಕಾಯಿಸುವ ಅಭ್ಯಾಸವಿದ್ದರೆ ಇಂದೇ ಬಿಡಿ. ಬಿಸಿನೀರು ಸೀಸವನ್ನು ಹೆಚ್ಚು ಕರಗಿಸುತ್ತದೆ. ನಮ್ಮ ಅಡುಗೆಯ ವಿಷಯದಲ್ಲಿ ಇದನ್ನು ಒತ್ತಿ ಹೇಳಬೇಕು. ಅನ್ನ, ಬೇಳೆ, ಗಂಜಿ, ರಾಗಿಸರಿ ಇವೆಲ್ಲ ಇಟ್ಟ ನೀರನ್ನು ಪೂರ್ತಿ ಕುಡಿದುಬಿಡುವ ಪದಾರ್ಥಗಳು. ಕುಡಿಯಲು ಫಿಲ್ಟರ್ ನೀರು, ಕುಕ್ಕರಿಗೆ ನಲ್ಲಿ ನೀರು ಎಂದಾದರೆ ಅರ್ಧ ಕೆಲಸ ಮಾಡಿದಂತೆ. ಸ್ನಾನಕ್ಕೆ, ಬಟ್ಟೆಗೆ ಹೆದರಬೇಕಿಲ್ಲ, ನೀರಿನಲ್ಲಿನ ಸೀಸ ಚರ್ಮದ ಮೂಲಕ ಒಳಹೋಗುವುದು ಲೆಕ್ಕಕ್ಕಿಲ್ಲದಷ್ಟು. ನಲ್ಲಿಯ ಜಾಲರಿಯನ್ನು ತಿಂಗಳಿಗೊಮ್ಮೆ ಬಿಚ್ಚಿ ತೊಳೆಯಿರಿ.

ನಗರದ ದಾಖಲೆಗಳು ತಪ್ಪುವುದೂ ಉಂಟು, ಹಾಗಾಗಿ ನೆಲಮಾಳಿಗೆಯ ಗೋಡೆಯಿಂದ ಕೊಳವೆ ಒಳಬರುವ ಜಾಗವನ್ನು ನೀವೇ ನೋಡಿ. ನಾಣ್ಯದಿಂದ ಮೆಲ್ಲಗೆ ಕೆರೆದಾಗ ಬೆಳ್ಳಿಯಂತೆ ಹೊಳೆದು, ಅಯಸ್ಕಾಂತ ಅಂಟದಿದ್ದರೆ ಸೀಸ. ಅಂಟಿದರೆ ಕಬ್ಬಿಣ. ಕೆರೆದದ್ದು ಕೆಂಪಾಗಿದ್ದರೆ ತಾಮ್ರ. ಮುಗಿಸಿ ಕೈ ತೊಳೆದುಕೊಳ್ಳಿ.

ಬದಲಿಸಬೇಕೇ? ಹೌದು, ಆದರೆ ಪೂರ್ತಿ. ರಸ್ತೆಯ ಕಡೆಯ ಅರ್ಧವನ್ನು ತಾಮ್ರ ಮಾಡಿ ಮನೆಯ ಕಡೆಯ ಅರ್ಧವನ್ನು ಸೀಸವಾಗಿಯೇ ಬಿಟ್ಟರೆ ಕೊಯ್ಯುವಾಗಿನ ಅಲುಗಾಟಕ್ಕೆ ಪೊರೆ ಉದುರುತ್ತದೆ, ಎರಡು ಲೋಹಗಳು ಕೂಡಿದ ಕಡೆ ಬ್ಯಾಟರಿಯಂತಾಗಿ ಸೀಸ ಇನ್ನೂ ಬೇಗ ಸವೆಯುತ್ತದೆ. ಚಿಕಾಗೋದಲ್ಲಿ ಪೂರ್ತಿ ಬದಲಿಸಲು ಹದಿನೈದರಿಂದ ಮೂವತ್ತು ಸಾವಿರ ಡಾಲರ್ ಎಂಬ ಮಾತಿದೆ. ನಿಮ್ಮಂಥ ಹೊಸ ಸಾಲಗಾರರಿಗೆ ಅದು ಹಗುರವಲ್ಲ. ತಾವಾಗಿ ಬದಲಿಸುವವರಿಗೆ ನಗರ ಪರವಾನಗಿ ಶುಲ್ಕ ಬಿಡುತ್ತದೆ, ಕಡಿಮೆ ಆದಾಯದವರಿಗೆ ಬೇರೆ ಯೋಜನೆಯಿದೆ. ನಗರದ ಸಹಾಯವಾಣಿ 311ಕ್ಕೆ ಕರೆ ಮಾಡಿ ನಿಮಗೆ ಯಾವುದು ಅನ್ವಯವಾಗುತ್ತದೆ ಎಂದು ಕೇಳಿ. ನಗರ ತಾನಾಗಿ ನಿಮ್ಮ ಬೀದಿಗೆ ಬರಲಿ ಎಂದು ಕಾದರೆ ಮಗು ಕಾಲೇಜಿಗೆ ಹೋಗಿರಬಹುದು. ಇದು ಆಗದ ಕೆಲಸವೇನಲ್ಲ. ವಿಸ್ಕಾನ್ಸಿನ್ನಿನ ಮ್ಯಾಡಿಸನ್ ಫಾಸ್ಫೇಟ್ ಹಾಕಿದರೆ ತನ್ನ ಕೆರೆಗಳು ಕೆಡುತ್ತವೆಂದು ಯೋಚಿಸಿ, 2001ರಲ್ಲೇ ಶುರುಮಾಡಿ ಸುಮಾರು ಹತ್ತು ವರ್ಷದಲ್ಲಿ ಸೀಸದ ಕೊಳವೆಗಳನ್ನೆಲ್ಲ ಕಿತ್ತು ಹಾಕಿತು. ನ್ಯೂಜೆರ್ಸಿಯ ನ್ಯೂಅರ್ಕ್ ಸುಮಾರು 23,000 ಕೊಳವೆಗಳನ್ನು ಮೂರು ವರ್ಷದೊಳಗೆ ಬದಲಿಸಿತು. ಬದಲಿಸಿದ ಮೇಲೂ ಆರು ತಿಂಗಳು ಫಿಲ್ಟರ್ ಬಿಡಬೇಡಿ. ಒಳಕೊಳವೆಗಳಲ್ಲಿ ಕೂತ ಹಳೆಯ ಕಸ ನಿಧಾನವಾಗಿ ಹೊರಬರುತ್ತದೆ.

ನೀರಿನ ಹಿಂದೆ ಬಿದ್ದು ಕಣ್ಣಮುಂದಿನದನ್ನು ಮರೆಯುವುದು ಬೇಡ. 1924ರ ಮನೆ ಎಂದರೆ ಕಿಟಕಿ ಚೌಕಟ್ಟಿನಲ್ಲಿ ಸೀಸದ ಬಣ್ಣ ಇದ್ದೇ ಇರುತ್ತದೆ ಎಂದುಕೊಳ್ಳಿ. ಅಮೆರಿಕದಲ್ಲಿ ಮನೆಗೆ ಅಂಥ ಬಣ್ಣ ಬಳಿಯುವುದು ನಿಂತದ್ದು 1978ರಲ್ಲಿ. ಕಿಟಕಿ ಮೇಲೆ ಕೆಳಗೆ ಸರಿದಾಗ ಉದುರುವ ಧೂಳು, ತೆವಳುವ ಮಗುವಿನ ಅಂಗೈ, ಆಮೇಲೆ ಬಾಯಿ. ಹಳೆಯ ಮನೆಗಳ ಮಕ್ಕಳಿಗೆ ನೀರಿಗಿಂತ ದೊಡ್ಡ ದಾರಿ ಅದೇ. ಕಿಟಕಿ ಕಟ್ಟೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಗುಡಿಸಬೇಡಿ. ತಾಯಿಯವರು ಊರಿನಿಂದ ತಂದ ಕಾಡಿಗೆ ಮಗುವಿನ ಕಣ್ಣಿಗೆ ಹೋಗುತ್ತಿದೆಯೇ? ಹರಳೆಣ್ಣೆ ದೀಪದ ಮಸಿಯಾದರೆ ಒಂದು ಮಾತು. ಅಂಗಡಿಯ ಡಬ್ಬಿಯದಾದರೆ, ಸುರ್ಮಾ ಆದರೆ, ಅದರಲ್ಲಿ ಸೀಸದ ಅದಿರೇ ಇರಬಹುದು. ದೃಷ್ಟಿಬೊಟ್ಟೂ ಬೇಡ, ಕೈ ಅಲ್ಲಿಂದ ಬಾಯಿಗೆ ಹೋಗುತ್ತದೆ. ಮಕ್ಕಳ ವೈದ್ಯರಿಗೆ ಕೊಳವೆಯ ವಿಷಯ ತಿಳಿಸಿ ರಕ್ತದ ಸೀಸ ಪರೀಕ್ಷೆ ಮಾಡಿಸಿ. ಒಂದು ವರ್ಷಕ್ಕೆ, ಎರಡು ವರ್ಷಕ್ಕೆ ವಾಡಿಕೆಯಾಗಿ ಮಾಡುವುದನ್ನು ನಿಮ್ಮ ಮಗುವಿಗೆ ಈಗಲೇ ಮಾಡಬಹುದು. ಕಬ್ಬಿಣದ ಅಂಶ ಕಡಿಮೆಯಿದ್ದರೆ ಕರುಳು ಸೀಸವನ್ನು ಹೆಚ್ಚು ಹೀರುತ್ತದೆ, ಅದನ್ನೂ ನೋಡಲಿ.

ಪಾವಗಡದ ಮನೆ. ನಮ್ಮ ಊರುಗಳಲ್ಲಿ ಮನೆಗೆ ಸೀಸದ ಕೊಳವೆ ಎಳೆಯುವ ರೂಢಿ ಬೆಳೆಯಲಿಲ್ಲ. ಹಳೆಯ ಮನೆಗಳಲ್ಲಿ ಜಿಐ ಪೈಪು, ಈಚಿನವುಗಳಲ್ಲಿ ಪಿವಿಸಿ. ಎರಕದ ಕಬ್ಬಿಣದ ದೊಡ್ಡ ಕೊಳವೆಗಳ ಸಂದಿಗೆ ಸೆಣಬು ತುರುಕಿ ಕಾದ ಸೀಸ ಹೊಯ್ಯುತ್ತಿದ್ದರು, ಆದರೆ ಆ ಸೀಸ ನೀರಿಗೆ ತಾಗುವುದು ಕಡಿಮೆ. ನಮ್ಮಲ್ಲಿ ಕೇಳಬೇಕಾದದ್ದು ಪಿವಿಸಿ ಬಗ್ಗೆ. ತಯಾರಿಸುವಾಗ ಬಿಸಿಗೆ ಕೆಡದಿರಲೆಂದು ಸೀಸದ ಲವಣ ಬೆರೆಸುತ್ತಿದ್ದರು. ಅದನ್ನು ಹಂತಹಂತವಾಗಿ ನಿಲ್ಲಿಸಲು ಕೇಂದ್ರ ಪರಿಸರ ಸಚಿವಾಲಯ ನಿಯಮ ತಂದದ್ದು 2021ರಲ್ಲಿ. ಅದಕ್ಕಿಂತ ಮುಂಚಿನ ಕೊಳವೆಯಾದರೆ ಮೇಲ್ಮೈಯ ಸೀಸ ಬಹುಪಾಲು ಮೊದಮೊದಲ ದಿನಗಳಲ್ಲೇ ತೊಳೆದುಹೋಗಿರುತ್ತದೆ. ಅಗ್ಗದ ಹಿತ್ತಾಳೆ ನಲ್ಲಿಗಳಲ್ಲೂ ಒಂದಿಷ್ಟು ಸೀಸವಿರುತ್ತದೆ. ರಾತ್ರಿ ನಿಂತ ನೀರನ್ನು ಬೆಳಿಗ್ಗೆ ಮೊದಲು ಗಿಡಕ್ಕೆ ಬಿಟ್ಟುಬಿಡಲಿ. ಅನುಮಾನ ತೀರದಿದ್ದರೆ ಎನ್‌ಎಬಿಎಲ್ ಮಾನ್ಯತೆಯ ಪ್ರಯೋಗಾಲಯಕ್ಕೆ ಕೊಡಲಿ, ಸೀಸವನ್ನೂ ನೋಡಿ ಎಂದು ಬರೆದುಕೊಡಬೇಕು. ಫ್ಲೋರೈಡ್, ಗಡಸುತನ ನೋಡುವ ಸಾಮಾನ್ಯ ಕಿಟ್‌ನಲ್ಲಿ ಅದು ಬರುವುದಿಲ್ಲ. ಘಟಕದಿಂದ ಕ್ಯಾನಿನಲ್ಲಿ ತರುವ ಆರ್‌ಒ ನೀರಿನಲ್ಲಿ ಫ್ಲೋರೈಡಿನ ಜೊತೆ ಸೀಸವೂ ಇಳಿದಿರುತ್ತದೆ. ಅನ್ನಕ್ಕೂ ಅದೇ ನೀರಿಡುತ್ತೀರಾ ಎಂದು ಮಾತ್ರ ಕೇಳಿ ನೋಡಿ. ಕುಡಿಯಲು ಕ್ಯಾನಿನ ನೀರು, ಕುಕ್ಕರಿಗೆ ತೊಟ್ಟಿಯ ನೀರು ಎನ್ನುವ ಮನೆಗಳನ್ನು ಆ ಕಡೆ ನಾನು ಬಹಳ ನೋಡಿದ್ದೇನೆ.